ಬೆವರಿನ ಬಾಗಿಲಿಗೆ ಬೀಗ

ಬೇಸಿಗೆ ಬಂತೆಂದರೆ ನಮ್ಮ ಸಂಸಾರಗಳಲ್ಲಿ ಮೂರು ಮಾತುಗಳು ದಿನವೂ ಕೇಳಿಬರುತ್ತವೆ: ‘ಉಸ್ಸಪ್ಪಾ’, ‘ಫ್ಯಾನು ಹಾಕು’, ‘ಮೈಯೆಲ್ಲ ಉರಿ’. ಮೊದಲನೆಯದಕ್ಕೆ ಮದ್ದಿಲ್ಲ. ಎರಡನೆಯದು ವಿದ್ಯುಚ್ಛಕ್ತಿಯ ಕೃಪೆಗೆ ಬಿಟ್ಟದ್ದು. ಮೂರನೆಯದಕ್ಕೆ ಮಾತ್ರ ಪ್ರತಿಯೊಬ್ಬರ ಬಳಿಯಲ್ಲಿಯೂ ಒಂದೊಂದು ಔಷಧ ಸಿದ್ಧವಾಗಿರುತ್ತದೆ. ಅಜ್ಜಿ ಶ್ರೀಗಂಧ ತೇಯುತ್ತಾರೆ. ಪಕ್ಕದ ಮನೆಯವರು ಪುಡಿಯ ಡಬ್ಬಿಯೊಂದನ್ನು ಹೊಗಳುತ್ತಾರೆ. ಇತ್ತೀಚೆಗೆ ಈ ಪರಂಪರೆಗೆ ಇನ್ನೊಂದು ವಸ್ತು ಸೇರಿಕೊಂಡಿದೆ. ಅದು ಗಾಯಕ್ಕೆ ಅಂಟಿಸುವ ಪ್ಲಾಸ್ಟರು. ಬೆವರುಸಾಲೆಯ ಗುಳ್ಳೆಯಾಗಲಿ, ಸೆಕೆಗೆ ಎದ್ದ ಕುರುವಾಗಲಿ, ಬಿಸಿಲಿಗೆ ಬೆಂದ ಅಂಗಾಲಾಗಲಿ, ಒಂದು ಪಟ್ಟಿಯನ್ನು ತೆಗೆದು ಮೇಲೆ ಒತ್ತಿಬಿಟ್ಟರೆ ಕರ್ತವ್ಯ ಮುಗಿಯಿತೆಂದು ಭಾವಿಸುವವರು ಅನೇಕರು. ಅಂಥವರಲ್ಲಿ ಈ ಲೇಖಕನೂ ಒಬ್ಬನಾಗಿದ್ದನೆಂಬುದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಲೇಸು.

ನಾನು ಮೈಸೂರಿನ ಕಡೆಯವನು. ಕನ್ನಡ ಎಂ.ಎ. ಮುಗಿಸಿ, ಕಾಲೇಜಿನ ಅಧ್ಯಾಪಕನಾಗಿ ಕಲಬುರಗಿಗೆ ಬಂದು ಆರು ವರ್ಷಗಳಾದುವು. ಚಾಮುಂಡಿ ಬೆಟ್ಟದ ತಂಗಾಳಿಯಲ್ಲಿ ಬೆಳೆದವನಿಗೆ ಇಲ್ಲಿಯ ಬೇಸಿಗೆ ಏನೆಂಬುದನ್ನು ಬಣ್ಣಿಸುವುದು ಕಷ್ಟ. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣಮಾನ 40 ಡಿಗ್ರಿ ಸೆಲ್ಸಿಯಸನ್ನು ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಅಂಥ ಒಂದು ಬೇಸಿಗೆಯ ಆರಂಭದಲ್ಲಿ ನಮ್ಮ ಬಂಧುಗಳೊಬ್ಬರ ಮನೆಯಲ್ಲಿ ಮದುವೆ. ಐದು ವರ್ಷದ ನನ್ನ ಮಗಳಿಗೆ ನೈಲಾನಿನ ಜರತಾರಿ ಲಂಗವೊಂದನ್ನು ಹೊಲಿಸಿದ್ದೆವು. ಅದನ್ನು ತೊಟ್ಟ ಹುಡುಗಿ ಎರಡು ದಿನ ಕಳಚಲೊಲ್ಲಳು. ಮೂರನೆಯ ದಿನ ನೋಡಿದರೆ ಕೊರಳ ಹಿಂದೆ, ಸೊಂಟದ ಸುತ್ತ ಸಾಸಿವೆ ಚೆಲ್ಲಿದಂತೆ ಕೆಂಪು ಗುಳ್ಳೆಗಳು. ಮಗು ಕೆರೆಯುತ್ತದೆ, ಅಳುತ್ತದೆ, ಮತ್ತೆ ಕೆರೆಯುತ್ತದೆ.

ಮನೆಯಲ್ಲಿ ಮಕ್ಕಳಿಗಾಗಿಯೇ ತಂದ, ಆನೆ-ಕರಡಿಗಳ ಚಿತ್ರವುಳ್ಳ ಪ್ಲಾಸ್ಟರುಗಳ ಪೆಟ್ಟಿಗೆಯೊಂದಿತ್ತು. ‘ಅಪ್ಪಾ, ಆನೆ ಅಂಟಿಸು’ ಎಂದಳು. ನಾನು ಅಂಟಿಸಿದೆ. ಒಂದಲ್ಲ, ಕೊರಳ ಹಿಂದಿನ ಗುಳ್ಳೆಗಳಷ್ಟನ್ನೂ ಮುಚ್ಚುವಂತೆ ಏಳು.

“ರೀ, ಗಾಯಕ್ಕೆ ಹಾಕುವುದನ್ನು ಯಾರಾದರೂ ಬೆವರುಸಾಲೆಗೆ ಹಾಕುತ್ತಾರೇನ್ರೀ? ನಮ್ಮಜ್ಜಿ ಇದ್ದಿದ್ದರೆ ತಣ್ಣೀರಿನಲ್ಲಿ ಮೈ ತೊಳೆದು ಸುಮ್ಮನೆ ಗಾಳಿಗೆ ಮಲಗಿಸುತ್ತಿದ್ದರು” ಎಂದಳು ನನ್ನಾಕೆ.

“ಧೂಳು ತಾಗದಿರಲಿ, ಉಗುರೂ ತಾಗದಿರಲಿ” ಎಂದು ನಾನು ವಾದಿಸಿದೆ. ವಾದದಲ್ಲಿ ಗೆದ್ದೆ. ಅಧ್ಯಾಪಕರಿಗೆ ಇದೊಂದು ದೌರ್ಬಲ್ಯ.

ಮೂರು ದಿನಗಳ ಬಳಿಕ ಮಗುವಿಗೆ ಸಣ್ಣಗೆ ಜ್ವರ ಬಂದಿತು. ನಮ್ಮ ಬೀದಿಯ ಹಿರಿಯ ವೈದ್ಯರ ಬಳಿಗೆ ಎತ್ತಿಕೊಂಡು ಹೋದೆವು. ಅವರು ಎಣ್ಣೆ ಸವರಿ ಒಂದೊಂದೇ ಪಟ್ಟಿಯನ್ನು ಮೆಲ್ಲನೆ ಬಿಡಿಸಿದರು. ಅಡಿಯ ಚರ್ಮ ನೀರಿನಲ್ಲಿ ನೆನೆದ ಬೆರಳಿನಂತೆ ಬೆಳ್ಳಗೆ ಸುಕ್ಕುಗಟ್ಟಿತ್ತು. ಗುಳ್ಳೆಗಳು ಮೊದಲಿಗಿಂತ ಹೆಚ್ಚಾಗಿದ್ದುವು. ಎರಡರಲ್ಲಿ ಕೀವು ಕಂಡಿತ್ತು. ಆಶ್ಚರ್ಯವೆಂದರೆ, ಏನನ್ನೂ ಹಚ್ಚದೆ ಬಿಟ್ಟಿದ್ದ ಸೊಂಟದ ಸಾಲೆ ಬಹುಮಟ್ಟಿಗೆ ಬಾಡಿಹೋಗಿತ್ತು.

“ಯಾರು ಹಚ್ಚಿದ್ರು ಇವನ್ನ?” ಎಂದರು ವೈದ್ಯರು.

“ನಾನೇ” ಎಂದೆ.

“ನೋಡ್ರಿ ಸರ್, ಇದು ಗಾಯ ಅಲ್ಲ. ಬೆವರಿನ ಬಾಗಿಲ ಮುಚ್ಚಿಕೊಂಡದ. ಒಳಗಿದ್ದದ್ದು ಹೊರಗ ಬರ್ಲಿಕ್ಕೆ ಒದ್ದಾಡ್ಲಿಕ್ಕತ್ತದ. ನೀವು ಹೋಗಿ ಮ್ಯಾಲ ಕೀಲಿ ಹಾಕೀರಿ!”

ಮಗುವಿನ ಕೊರಳು ವಾರದೊಳಗೆ ವಾಸಿಯಾಯಿತು. ವೈದ್ಯರ ಆ ಕೀಲಿಯ ಮಾತು ಮಾತ್ರ ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿತು. ಅದರ ಅರ್ಥವನ್ನು ತಿಳಿಯಬೇಕೆಂದು ನಾನು ಓದತೊಡಗಿದ್ದು ಆಗಲೇ.

ದೇಹದ ತಂಪಿನ ಯಂತ್ರ

ನಮ್ಮ ಚರ್ಮದಲ್ಲಿ ಬೆವರಿನ ಗ್ರಂಥಿಗಳು ಸುಮಾರು 20ರಿಂದ 40 ಲಕ್ಷದಷ್ಟಿವೆ. ಅಂಗೈ ಅಂಗಾಲುಗಳಲ್ಲಿ ಅವುಗಳ ದಟ್ಟಣೆ ಹೆಚ್ಚು. ಚರ್ಮದ ಆಳದಲ್ಲಿ ಸುರುಳಿ ಸುತ್ತಿಕೊಂಡಿರುವ ಪ್ರತಿಯೊಂದು ಗ್ರಂಥಿಯಿಂದಲೂ ಕೂದಲಿಗಿಂತ ಸಣ್ಣದಾದ ಒಂದು ನಾಳ ಮೇಲಕ್ಕೆ ಬಂದು ಹೊರಮೈಯಲ್ಲಿ ತೆರೆದುಕೊಳ್ಳುತ್ತದೆ. ಬೆವರು ನಮ್ಮನ್ನು ತಂಪಾಗಿಸುವುದು ಸುರಿಯುವುದರಿಂದಲ್ಲ, ಆರುವುದರಿಂದ. ಒಂದು ಗ್ರಾಮ್ ಬೆವರು ಆವಿಯಾಗಿ ಹೋಗುವಾಗ ಸುಮಾರು 580 ಕ್ಯಾಲರಿಗಳಷ್ಟು ಶಾಖವನ್ನು ಮೈಯಿಂದ ಕೊಂಡೊಯ್ಯುತ್ತದೆ. ಅಷ್ಟೇ ತೂಕದ ನೀರನ್ನು ಮಂಜಿನಷ್ಟು ತಣ್ಣಗಿರುವಾಗಿನಿಂದ ಕುದಿಯುವವರೆಗೆ ಕಾಯಿಸಲು ಬೇಕಾಗುವುದು 100 ಕ್ಯಾಲರಿ ಮಾತ್ರ. ಇದರಿಂದ, ಒಂದು ಹನಿ ಬೆವರು ಆರುವಾಗ ಎಷ್ಟು ದೊಡ್ಡ ಉಪಕಾರ ಮಾಡಿ ಹೋಗುತ್ತದೆಂಬುದನ್ನು ಊಹಿಸಬಹುದು. ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಾಗುವುದೂ ಇದೇ ನ್ಯಾಯದಿಂದ. ಹೂಜಿಗೆ ಹೊರಗಿನಿಂದ ಎಣ್ಣೆಬಣ್ಣ ಬಳಿದುಬಿಟ್ಟರೆ ನೀರು ತಣಿಯುವುದೆಂತು?

ಬೆವರುಸಾಲೆಯೆಂಬುದು ಈ ನಾಳಗಳ ಬಾಯಿ ಕಟ್ಟಿಕೊಳ್ಳುವುದರಿಂದ ಬರುವ ಕಾಯಿಲೆ. ಬಹಳ ಹೊತ್ತು ಒದ್ದೆಯಾಗಿಯೇ ಇದ್ದ ಹೊರಚರ್ಮ ಊದಿಕೊಂಡು ನಾಳವನ್ನು ಅಮುಕುತ್ತದೆ. ಹೊರಬರಲಾರದ ಬೆವರು ನಾಳವನ್ನು ಒಡೆದುಕೊಂಡು ಚರ್ಮದೊಳಕ್ಕೇ ಸೋರುತ್ತದೆ. ತಡೆ ತೀರ ಮೇಲ್ಪದರದಲ್ಲಿದ್ದರೆ ಇಬ್ಬನಿಯಂಥ ತಿಳಿಯಾದ ಸಣ್ಣ ಗುಳ್ಳೆಗಳು ಏಳುತ್ತವೆ. ಅವು ತುರಿಸುವುದಿಲ್ಲ, ಒರೆಸಿದರೆ ಒಡೆದುಹೋಗುತ್ತವೆ. ತಡೆ ಇನ್ನೂ ಸ್ವಲ್ಪ ಕೆಳಗಿದ್ದರೆ ನಾವೆಲ್ಲ ಬಲ್ಲ ಕೆಂಪು ಸಾಲೆ, ಅದರ ಚುಚ್ಚು, ಅದರ ತುರಿಕೆ. ಮತ್ತೂ ಆಳದಲ್ಲಿದ್ದರೆ ಮೈಬಣ್ಣದ ಗಟ್ಟಿ ಗುಳ್ಳೆಗಳು ಬರುತ್ತವೆ. ಹೆಚ್ಚು ಜಾಗದಲ್ಲಿ ಹೀಗಾದಾಗ ಆ ಭಾಗದಲ್ಲಿ ಬೆವರೇ ನಿಂತುಹೋಗಿ, ದೇಹದ ಶಾಖ ಏರುವ ಅಪಾಯವೂ ಉಂಟು. ಕೂಸುಗಳಲ್ಲಿ ಈ ನಾಳಗಳು ಇನ್ನೂ ಬಲಿತಿರುವುದಿಲ್ಲವಾದುದರಿಂದ ಬೆವರುಸಾಲೆ ಅವಕ್ಕೆ ಬೇಗ ಬರುತ್ತದೆ.

ಮಂಗಳೂರು, ಕಾರವಾರಗಳಂಥ ಕಡಲ ತೀರದ ಊರುಗಳಲ್ಲಿ ಗಾಳಿಯೇ ತೇವವಾಗಿರುವುದರಿಂದ ಬೆವರು ಬೇಗ ಆರದು. ಆದ್ದರಿಂದ ಅಲ್ಲಿ ಈ ಬಾಧೆ ಹೆಚ್ಚು. ಕಲಬುರಗಿಯ ಒಣ ಸೆಕೆಯಲ್ಲಿ ಅದು ಅಷ್ಟಾಗಿ ಕಾಡಬಾರದು. ಆದರೆ ನೈಲಾನಿನ ಲಂಗವೊಂದನ್ನು ಬಿಗಿದುಬಿಟ್ಟರೆ ಕಲಬುರಗಿಯಲ್ಲಿಯೇ ಒಂದು ಕಾರವಾರವನ್ನು ನಿರ್ಮಿಸಿದಂತೆ. ಅದರ ಮೇಲೆ ಏಳು ಪ್ಲಾಸ್ಟರುಗಳನ್ನೂ ಅಂಟಿಸಿದರೆ ಹೇಳುವುದೇನು!

ವಿಜ್ಞಾನಿಗಳು ಬೇಕೆಂದೇ ಹಾಕಿದ ಬೀಗ

ನಾನು ಅಜ್ಞಾನದಿಂದ ಮಾಡಿದುದನ್ನು ವಿಜ್ಞಾನಿಗಳು ಬುದ್ಧಿಪೂರ್ವಕವಾಗಿಯೇ ಮಾಡಿ ನೋಡಿದ್ದಾರೆ. ಹೋಲ್ಜ್‌ಲೆ ಮತ್ತು ಕ್ಲಿಗ್‌ಮನ್ ಎಂಬ ಚರ್ಮತಜ್ಞರಿಬ್ಬರು 1978ರಲ್ಲಿ ತಮ್ಮ ಪ್ರಯೋಗವೊಂದನ್ನು ಪ್ರಕಟಿಸಿದರು. ಬೆವರುಸಾಲೆ ಹೇಗೆ ಹುಟ್ಟುತ್ತದೆಂಬುದನ್ನು ಅರಿಯಬೇಕಾದರೆ ಮೊದಲು ಅದನ್ನು ಹುಟ್ಟಿಸಬೇಕಷ್ಟೆ? ಅದಕ್ಕಾಗಿ ಅವರು ಆಯ್ದುಕೊಂಡ ಉಪಾಯ ತೀರ ಸರಳವಾದುದು. ಚರ್ಮವನ್ನು ಗಾಳಿಯಾಡದ ಪ್ಲಾಸ್ಟಿಕ್ ಹಾಳೆಯಿಂದ ಸುತ್ತಿಟ್ಟು, ಅನಂತರ ಶಾಖ ಕೊಟ್ಟು ಬೆವರಿಸಿದರು. ಸಾಲೆ ಕಾಣಿಸಿಕೊಂಡಿತು. ಹಾಳೆಯ ಅಡಿಯ ಬೆಚ್ಚನೆಯ ತೇವದಲ್ಲಿ, ಚರ್ಮದ ಮೇಲೆ ಸದಾ ವಾಸವಾಗಿರುವ ಸೂಕ್ಷ್ಮಜೀವಿಗಳು ಎಷ್ಟು ಹೆಚ್ಚಿದುವೋ ಸಾಲೆಯೂ ಅಷ್ಟೇ ಹೆಚ್ಚಾಯಿತು. ಆ ಜೀವಿಗಳನ್ನು ಅಡಗಿಸುವ ಔಷಧವನ್ನು ಮೊದಲೇ ಹಚ್ಚಿದ್ದ ಕಡೆ ಅದು ಏಳಲಿಲ್ಲ.

ಎಂದರೆ, ಬೆವರುಸಾಲೆಯನ್ನು ಬೆಳೆಸುವುದಕ್ಕೆ ಬೇಕಾದ ಕೃಷಿಭೂಮಿ ಎಂಥದೆಂಬುದು ಸ್ಪಷ್ಟವಾಯಿತು: ಮುಚ್ಚಿದ ಚರ್ಮ, ಆರದ ತೇವ, ಹೊರಗಿನ ಶಾಖ. ನಮ್ಮ ಸಾಧಾರಣ ಪ್ಲಾಸ್ಟರಿನ ಹಿಂಬದಿ ಪ್ಲಾಸ್ಟಿಕ್ಕಿನದಾಗಿದ್ದರೆ ಈ ಮೂರನ್ನೂ ಅದು ಒಟ್ಟಿಗೆ ಒದಗಿಸುತ್ತದೆ. ಹಿಂಬದಿಯಲ್ಲಿ ಸೂಜಿಮೊನೆಯ ರಂಧ್ರಗಳಿದ್ದರೂ ಸುತ್ತಲಿನ ಅಂಟು ಬೆವರಿಗೆ ದಾರಿ ಬಿಡುವುದಿಲ್ಲ. ಕೆಲವರ ಚರ್ಮಕ್ಕೆ ಆ ಅಂಟೇ ಒಗ್ಗದೆ, ಪಟ್ಟಿಯ ಆಕಾರದಲ್ಲಿಯೇ ಕೆಂಪಾಗಿ ತುರಿಸುವುದೂ ಉಂಟು.

ಅಡುಗೆಮನೆಯಲ್ಲಿ ಹುಟ್ಟಿದ ಪಟ್ಟಿ

ಹಾಗಾದರೆ ಪ್ಲಾಸ್ಟರು ನಿಷ್ಪ್ರಯೋಜಕವೇ? ಖಂಡಿತ ಅಲ್ಲ. ಅದು ಹುಟ್ಟಿದ ಬಗೆಯನ್ನು ನೋಡಿದರೆ ಅದರ ನಿಜವಾದ ಕೆಲಸವೇನೆಂಬುದು ತಿಳಿಯುತ್ತದೆ.

1920ರಲ್ಲಿ ಅಮೆರಿಕದ ನ್ಯೂಜೆರ್ಸಿ ಪ್ರಾಂತದಲ್ಲಿ ಅರ್ಲ್ ಡಿಕ್ಸನ್ ಎಂಬ ತರುಣನೊಬ್ಬ ಜಾನ್ಸನ್ ಅಂಡ್ ಜಾನ್ಸನ್ ಕಂಪೆನಿಯಲ್ಲಿ ಕೆಲಸದಲ್ಲಿದ್ದ. ಆತನ ಪತ್ನಿ ಜೋಸೆಫೀನ್ ಅಡುಗೆಯ ಕೆಲಸದಲ್ಲಿ ಪದೇ ಪದೇ ಬೆರಳು ಕೊಯ್ದುಕೊಳ್ಳುತ್ತಿದ್ದಳು, ಸುಟ್ಟುಕೊಳ್ಳುತ್ತಿದ್ದಳು. ಹತ್ತಿಯ ತುಂಡನ್ನಿಟ್ಟು ಬಟ್ಟೆ ಕಟ್ಟಿದರೆ ಕೆಲಸ ಮಾಡುವಾಗ ಅದು ಜಾರಿ ಬೀಳುವುದು. ಗಂಡ ಮನೆಯಲ್ಲಿಲ್ಲದಾಗ ಒಂದು ಕೈಯಿಂದ ಕಟ್ಟಿಕೊಳ್ಳುವುದಂತೂ ಕಷ್ಟ. ಡಿಕ್ಸನ್ ಅಂಟುಪಟ್ಟಿಯ ಉದ್ದಕ್ಕೂ ನಡುನಡುವೆ ಜಾಲರಿಬಟ್ಟೆಯ ತುಂಡುಗಳನ್ನಿಟ್ಟು, ಅಂಟು ಒಣಗದಂತೆ ಮೇಲೆ ಇನ್ನೊಂದು ಬಟ್ಟೆಯನ್ನು ಮುಚ್ಚಿ ಸುತ್ತಿಟ್ಟ. ಬೇಕಾದಾಗ ಜೋಸೆಫೀನ್ ಒಂದು ತುಂಡನ್ನು ಕತ್ತರಿಸಿ ತಾನೇ ಅಂಟಿಸಿಕೊಳ್ಳಬಹುದಾಗಿತ್ತು. ಮರುವರ್ಷ, 1921ರಲ್ಲಿ, ಅದು ‘ಬ್ಯಾಂಡ್-ಏಡ್’ ಎಂಬ ಹೆಸರಿನಿಂದ ಪೇಟೆಗೆ ಬಂದಿತು. ಮೊದಲಿಗೆ ಬಂದದ್ದು ಮೂರು ಅಂಗುಲ ಅಗಲ, 18 ಅಂಗುಲ ಉದ್ದದ ಪಟ್ಟಿ, ಕೊಂಡವರೇ ಕತ್ತರಿಸಿಕೊಳ್ಳಬೇಕಾಗಿತ್ತು.

ಚರ್ಮ ಹರಿದ ಕಡೆ ಕೊಳೆ ತಾಗದಂತೆ, ಉಜ್ಜದಂತೆ, ತೀರ ಒಣಗದಂತೆ ಕಾಪಾಡುವುದು ಅದರ ಕೆಲಸ. ಈ ಕೆಲಸದಲ್ಲಿ ಅದಕ್ಕೆ ವಿಜ್ಞಾನದ ಬೆಂಬಲವೂ ದೊರೆತಿದೆ. ಗಾಯ ಗಾಳಿಗೆ ಒಣಗಿ ಹಕ್ಕು ಕಟ್ಟಿದರೇ ಬೇಗ ಮಾಯುತ್ತದೆಂದು ಬಹುಕಾಲ ಎಲ್ಲರೂ ನಂಬಿದ್ದರು. 1962ರಲ್ಲಿ ಜಾರ್ಜ್ ವಿಂಟರ್ ಎಂಬ ವಿಜ್ಞಾನಿ ಹಂದಿಗಳ ಮೇಲೆ ನಡೆಸಿದ ಪ್ರಯೋಗವನ್ನು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿ ಈ ನಂಬಿಕೆಯನ್ನು ಅಲುಗಿಸಿದ. ಪಾಲಿಥೀನ್ ಹಾಳೆಯಿಂದ ಮುಚ್ಚಿ ತೇವವನ್ನು ಉಳಿಸಿದ ಮೇಲುಗಾಯಗಳಲ್ಲಿ, ತೆರೆದಿಟ್ಟ ಗಾಯಗಳಿಗಿಂತ ಸುಮಾರು ಎರಡರಷ್ಟು ವೇಗದಲ್ಲಿ ಹೊಸ ಚರ್ಮ ಹಬ್ಬಿತ್ತು.

ಇಲ್ಲಿ ಓದುಗರು ಒಂದು ಕ್ಷಣ ನಿಲ್ಲಬೇಕೆಂದು ನನ್ನ ಬಿನ್ನಹ. 1962ರಲ್ಲಿ ಗಾಯವನ್ನು ಬೇಗ ಮಾಯಿಸಿದ್ದು ಪ್ಲಾಸ್ಟಿಕ್ ಹಾಳೆ. 1978ರಲ್ಲಿ ಬೆವರುಸಾಲೆಯನ್ನು ಬರಿಸಿದ್ದೂ ಪ್ಲಾಸ್ಟಿಕ್ ಹಾಳೆ. ಹಾಳೆ ಬದಲಾಗಿಲ್ಲ, ಅದರ ಅಡಿಯ ಚರ್ಮದ ಸ್ಥಿತಿ ಬದಲಾಗಿದೆ. ಹರಿದ ಚರ್ಮಕ್ಕೆ ತೇವ ಬೇಕು. ಉಸಿರು ಕಟ್ಟಿದ ಚರ್ಮಕ್ಕೆ ಗಾಳಿ ಬೇಕು. ಆದ್ದರಿಂದ ಪೆಟ್ಟಿಗೆಗೆ ಕೈಹಾಕುವ ಮುನ್ನ ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ‘ಇಲ್ಲಿ ಚರ್ಮ ಹರಿದಿದೆಯೋ, ಇಲ್ಲವೆ ಕಟ್ಟಿಕೊಂಡಿದೆಯೋ?’

ಪೆಟ್ಟಿಗೆಯಲ್ಲಿ ಉಳಿದ ಎರಡು ಪಟ್ಟಿ

ಇಷ್ಟನ್ನು ಓದಿ ತಿಳಿದ ಮೇಲೆ ನಾನು ಜಾಣನಾದೆನೆಂದು ಬಗೆದಿದ್ದೆ. ಆದರೆ ಆ ಬೇಸಿಗೆಯ ದೊಡ್ಡ ಪಾಠ ಇನ್ನೂ ಬರಬೇಕಾಗಿತ್ತು.

ಏಪ್ರಿಲ್ ತಿಂಗಳಲ್ಲಿ ಮೈಸೂರಿನಿಂದ ನನ್ನ ತಂದೆಯವರು ಬಂದರು. ಅವರು ನಿವೃತ್ತ ಉಪಾಧ್ಯಾಯರು. ಆಗ ವಯಸ್ಸು 71. ಹದಿನಾಲ್ಕು ವರ್ಷಗಳಿಂದ ಮಧುಮೇಹ. ಮೊಮ್ಮಗಳಿಗೆ ಜ್ವರ ಬಂದಿತ್ತೆಂಬ ಸುದ್ದಿ ಕೇಳಿದಾಗಲೇ ದೇವರಿಗೆ ಹರಕೆ ಹೊತ್ತಿದ್ದರಂತೆ. ಬಂದ ಮರುದಿನ ಊರಿನ ದೇವಸ್ಥಾನವೊಂದಕ್ಕೆ ಹೋದರು. ನಡುಹಗಲು ಹನ್ನೆರಡರ ಸಮಯ. ಬರಿಗಾಲಿನಲ್ಲಿ, ಕಾದ ಕಲ್ಲುಹಾಸಿನ ಮೇಲೆ, ಹನ್ನೊಂದು ಪ್ರದಕ್ಷಿಣೆ. ಉಳಿದ ಭಕ್ತರು ತುದಿಗಾಲಿನಲ್ಲಿ ಓಡುತ್ತಿದ್ದರಂತೆ. ನಮ್ಮ ತಂದೆಯವರು ಮಾತ್ರ ಸಾವಧಾನವಾಗಿ, ಶ್ಲೋಕ ಹೇಳುತ್ತ, ಹನ್ನೊಂದನ್ನೂ ಪೂರೈಸಿದರು.

“ಕಾಲು ಸುಡಲಿಲ್ಲವೇ ಅಪ್ಪ?” ಎಂದು ಕೇಳಿದೆ.

“ಇಲ್ಲವಪ್ಪ, ಒಂದು ಚೂರೂ ಸುಡಲಿಲ್ಲ. ಎಲ್ಲ ಅವನ ದಯೆ” ಎಂದರು. ಅವರ ಮುಖದಲ್ಲಿ ಒಂದು ಬಗೆಯ ಧನ್ಯತೆಯಿತ್ತು.

ನಾನು ಅಷ್ಟಕ್ಕೇ ಬಿಟ್ಟೆ. ಅದು ಪರೀಕ್ಷೆಯ ಉತ್ತರ ಪತ್ರಿಕೆಗಳ ಮೌಲ್ಯಮಾಪನದ ಕಾಲ; ಬೆಳಿಗ್ಗೆ ಹೋದರೆ ಸಂಜೆ ಬರುತ್ತಿದ್ದೆ. ಆ ದಿನ ಸಂಜೆ ತಂದೆಯವರಿಗೆ ಬಲಗಾಲ ಹೆಬ್ಬೆರಳಿನ ಬುಡದಲ್ಲಿ ಒಂದು ದೊಡ್ಡ ಬೊಬ್ಬೆ ಎದ್ದದ್ದು ಕಂಡಿದೆ. ಮರುದಿನ ಅದು ಒಡೆದಿದೆ. ಮಗನಿಗೆ ಬಿಡುವಿಲ್ಲ, ಸೊಸೆಗೆ ಮಗುವಿನ ಆರೈಕೆ ಬೇರೆ; ಇಷ್ಟು ಅಲ್ಪದ ವಿಷಯಕ್ಕೆ ಯಾರಿಗೇಕೆ ತೊಂದರೆ ಎಂದುಕೊಂಡು, ಮೊಮ್ಮಗಳ ಪೆಟ್ಟಿಗೆಯಲ್ಲಿ ಉಳಿದಿದ್ದ ಎರಡು ಪಟ್ಟಿಗಳನ್ನು ತೆಗೆದು ತಾವೇ ಅಂಟಿಸಿಕೊಂಡು, ಮೇಲೆ ಕಾಲುಚೀಲ ಏರಿಸಿಬಿಟ್ಟಿದ್ದಾರೆ. ನೋವಿರಲಿಲ್ಲ. ನೋವಿಲ್ಲದ ಮೇಲೆ ಅದನ್ನು ತೆಗೆದು ನೋಡುವುದೇಕೆ?

ಐದನೆಯ ದಿನ ತಾತನ ಕಾಲ ಬಳಿ ಆಡುತ್ತಿದ್ದ ನನ್ನ ಮಗಳು ಮೂಗು ಮುಚ್ಚಿಕೊಂಡು ಓಡಿಬಂದು, “ಅಮ್ಮಾ, ತಾತನ ಕಾಲು ವಾಸನೆ” ಎಂದಳು. ಕಾಲುಚೀಲವನ್ನು ಬಿಡಿಸಿ ನೋಡಿದೆವು. ಚಿತ್ರದ ಆನೆ ಹಾಗೆಯೇ ನಗುತ್ತಿತ್ತು. ಅದರ ಅಂಚಿನಿಂದ ಕೀವು ಒಸರುತ್ತಿತ್ತು. ಪಾದ ಮೇಲಿನವರೆಗೂ ಕೆಂಪಾಗಿ ಊದಿಕೊಂಡಿತ್ತು.

ವೈದ್ಯರು ನೋಡಿದವರೇ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಕೊಳೆತ ಭಾಗವನ್ನು ಶಸ್ತ್ರದಿಂದ ತೆಗೆಯಬೇಕಾಯಿತು. ಒಂಬತ್ತು ದಿನ ಆಸ್ಪತ್ರೆಯ ಮಂಚ. ಮೂರು ತಿಂಗಳು ಮನೆಯಲ್ಲಿ ಕಾಲೂರದ ವಾಸ. ಕಾಲು ಉಳಿಯಿತು. “ಇನ್ನೆರಡು ದಿನ ತಡ ಆಗಿದ್ರ…” ಎಂದು ಆರಂಭಿಸಿದ ವೈದ್ಯರು ತಂದೆಯವರ ಮುಖವನ್ನು ನೋಡಿ ಮಾತನ್ನು ಅಲ್ಲಿಗೇ ನಿಲ್ಲಿಸಿದರು.

ಬಹುಕಾಲದ ಮಧುಮೇಹದಲ್ಲಿ ಪಾದದ ನರಗಳು ಮಂದವಾಗುತ್ತವೆ. ಬಿಸಿ, ತಂಪು, ಮುಳ್ಳು ಯಾವುದೂ ಅರಿವಿಗೆ ಬಾರದು. ರಕ್ತದ ಹರಿವೂ ತಗ್ಗುವುದರಿಂದ ಆದ ಗಾಯ ಬೇಗ ಮಾಯದು. ಕಲ್ಲು ಸುಡದಿದ್ದದ್ದು ದೇವರ ದಯೆಯೆಂದು ನಮ್ಮ ತಂದೆಯವರು ನಂಬಿದ್ದರು. ಅದು ರೋಗದ ಕುರುಹೆಂದು ಅವರಿಗೆ ತಿಳಿಸಿ ಹೇಳುವ ಕೆಲಸ ನನ್ನ ಪಾಲಿಗೆ ಬಂದಿತು. ಅಷ್ಟು ಕಷ್ಟದ ಪಾಠವನ್ನು ನಾನು ಯಾವ ತರಗತಿಯಲ್ಲಿಯೂ ಹೇಳಿಲ್ಲ.

ಪ್ಲಾಸ್ಟರು ಗಾಯವನ್ನು ಧೂಳಿನಿಂದ ಮರೆಮಾಡುತ್ತದೆ. ಅದರ ಜೊತೆಗೆ ನಮ್ಮ ಕಣ್ಣಿನಿಂದಲೂ ಮರೆಮಾಡುತ್ತದೆ. ನೋವನ್ನು ಅರಿಯುವ ಕಾಲಾದರೆ ತಾನೇ ಕೂಗಿ ಕರೆಯುತ್ತದೆ. ಅರಿವಿಲ್ಲದ ಕಾಲಿಗೆ ಕಣ್ಣೊಂದೇ ಕಾವಲುಗಾರ. ಆ ಕಣ್ಣಿಗೂ ಪರದೆ ಎಳೆದರೆ ಗಾಯ ಬೂದಿ ಮುಚ್ಚಿದ ಕೆಂಡವಾಗುತ್ತದೆ.

ಸುಶ್ರುತನ ಎಚ್ಚರಿಕೆ

ತಂದೆಯವರು ಹಾಸಿಗೆಯಲ್ಲಿದ್ದಾಗ ಹೊತ್ತು ಕಳೆಯಲೆಂದು ಸುಶ್ರುತ ಸಂಹಿತೆಯನ್ನು ಅವರಿಗೆ ಓದಿ ಹೇಳುತ್ತಿದ್ದೆ. ಅದರ ಸೂತ್ರಸ್ಥಾನದಲ್ಲಿ ಗಾಯಗಳಿಗೆ ಕಟ್ಟುವ 14 ಬಗೆಯ ಬಂಧಗಳ ವಿವರಣೆಯಿದೆ. ಕಟ್ಟುವುದರಲ್ಲಿ ಇಷ್ಟು ನಿಪುಣನಾದ ಆ ಶಸ್ತ್ರವೈದ್ಯ, ಯಾವುದನ್ನು ಕಟ್ಟಬಾರದೆಂಬುದನ್ನೂ ಅಲ್ಲಿಯೇ ಹೇಳಿದ್ದಾನೆ. ಬೆಂಕಿಯಿಂದ ಸುಟ್ಟ ಗಾಯ, ಮಧುಮೇಹಿಗಳಿಗೆ ಏಳುವ ಕುರು, ಇವೆರಡೂ ಆ ಪಟ್ಟಿಯಲ್ಲಿವೆ. ಪಿತ್ತದಿಂದಾದ ವ್ರಣದ ಕಟ್ಟನ್ನು ಗ್ರೀಷ್ಮದಲ್ಲಿ ದಿನಕ್ಕೆ ಎರಡು ಬಾರಿ ಬದಲಿಸಬೇಕೆಂಬ ಮಾತೂ ಅಲ್ಲಿ ಬರುತ್ತದೆ. ತಂದೆಯವರು ಅದನ್ನು ಕೇಳಿ, “ನಾನು ಐದು ದಿನ ಬಿಟ್ಟಿದ್ದೆನಲ್ಲಪ್ಪ” ಎಂದು ನಕ್ಕರು.

ಇಂದಿನ ವೈದ್ಯರು ಸುಟ್ಟ ಗಾಯವನ್ನೂ ಮುಚ್ಚುತ್ತಾರೆ. ಆದರೆ ಅವರು ಬಳಸುವುದು ಗಾಯಕ್ಕೆ ಅಂಟಿಕೊಳ್ಳದ, ಶುದ್ಧವಾದ, ಸಡಿಲವಾದ ಹೊದಿಕೆಯನ್ನು. ಅದನ್ನು ಆಗಾಗ ಬಿಚ್ಚಿ ನೋಡುತ್ತಾರೆ. ನಮ್ಮ ಹಿರಿಯರು ಕುರುವಿಗೆ ಬೆಲ್ಲ-ಸುಣ್ಣ ಕಲಸಿ ಬಟ್ಟೆಯ ಚೂರಿಗೆ ಸವರಿ ಅಂಟಿಸುತ್ತಿದ್ದುದು ನಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಸುಣ್ಣ ಚರ್ಮವನ್ನು ಸುಡುವ ವಸ್ತುವಾದ್ದರಿಂದ ಅದನ್ನು ಇಂದು ಅನುಸರಿಸುವುದು ಸರಿಯಲ್ಲ. ಆದರೆ ದಿನವೂ ಬಟ್ಟೆ ಬಿಚ್ಚಿ, ‘ಕುರು ಹಣ್ಣಾಯಿತೇ’ ಎಂದು ನೋಡುವ ಆ ಅಜ್ಜಿಯ ಕಣ್ಣು ನಮಗೆ ಇಂದಿಗೂ ಬೇಕು.

ಬೇಸಿಗೆಯ ಬಾಧೆಗಳಿಗೆ ಏನು ಮಾಡಬೇಕು?

ವೈದ್ಯರಿಂದ ಕೇಳಿಯೂ ಓದಿಯೂ ತಿಳಿದ ಕೆಲವು ಸಂಗತಿಗಳನ್ನು ಗೃಹಸ್ಥರ ಉಪಯೋಗಕ್ಕಾಗಿ ಇಲ್ಲಿ ಸಂಗ್ರಹಿಸಿದ್ದೇನೆ.

ಬೆವರುಸಾಲೆಗೆ ಪ್ಲಾಸ್ಟರು ಬೇಡವೇ ಬೇಡ. ತಣ್ಣೀರಿನ ಸ್ನಾನ, ಮೆತ್ತನೆಯ ಬಟ್ಟೆಯಿಂದ ಒತ್ತಿ ಒರೆಸುವುದು, ಸಡಿಲವಾದ ಹತ್ತಿಯ ಉಡುಪು, ಗಾಳಿ ಇಷ್ಟೇ ಸಾಕು. ತುರಿಕೆ ಹೆಚ್ಚಾದರೆ ಕ್ಯಾಲಮೈನ್ ದ್ರಾವಣವನ್ನು ಸವರಬಹುದು. ಎಣ್ಣೆ, ಜಿಡ್ಡಿನ ಮುಲಾಮುಗಳು ನಾಳಗಳ ಬಾಯನ್ನು ಮತ್ತಷ್ಟು ಕಟ್ಟುತ್ತವೆ. ಪುಡಿಯನ್ನು ದಪ್ಪವಾಗಿ ಮೆತ್ತಿದರೆ ಬೆವರಿನೊಡನೆ ಸೇರಿ ಹಿಟ್ಟಿನಂತಾಗುತ್ತದೆ. ಕೂಸುಗಳ ಮೂಗಿಗೆ ಅದರ ಧೂಳು ಹೋಗುವುದೂ ಅಪಾಯ. ಕೀವು, ಜ್ವರ, ಹರಡುವ ಕೆಂಪು ಕಂಡರೆ ವೈದ್ಯರ ಬಳಿಗೆ ಹೋಗಬೇಕು.

ಕುರುವನ್ನು ಹಿಸುಕಬಾರದು. ಬೆಚ್ಚನೆಯ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ದಿನಕ್ಕೆ ಮೂರು ನಾಲ್ಕು ಬಾರಿ ಶಾಖ ಕೊಟ್ಟರೆ ಅದು ತಾನೇ ಹಣ್ಣಾಗಿ ಒಡೆಯುತ್ತದೆ. ಒಡೆದ ಮೇಲೆ ಕೀವು ಇತರರಿಗೆ ತಗಲದಂತೆ ಶುದ್ಧವಾದ ಜಾಲರಿಬಟ್ಟೆಯನ್ನು ಸಡಿಲವಾಗಿ ಮುಚ್ಚಬೇಕು, ಒದ್ದೆಯಾದೊಡನೆ ಬದಲಿಸಬೇಕು. ಮೂಗು ಮತ್ತು ಮೇಲ್ದುಟಿಯ ಸುತ್ತ ಎದ್ದ ಕುರುವಿನ ಬಗ್ಗೆ ಉದಾಸೀನ ಸಲ್ಲದು.

ಸುಟ್ಟ ಗಾಯವನ್ನು ತಡಮಾಡದೆ ನಲ್ಲಿಯ ಹರಿಯುವ ತಣ್ಣೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿಯಬೇಕು. ಮಂಜುಗಡ್ಡೆ, ತುಪ್ಪ, ಹಲ್ಲುಜ್ಜುವ ಪೇಸ್ಟು ಇವು ಯಾವುವೂ ಸಲ್ಲವು. ಎದ್ದ ಬೊಬ್ಬೆಯನ್ನು ಒಡೆಯಬಾರದು. ಅದರ ಮೇಲ್ಪೊರೆ ಪ್ರಕೃತಿಯೇ ಅಂಟಿಸಿದ ಪಟ್ಟಿ. ಗಾಯ ತೀರ ಸಣ್ಣದಾಗಿದ್ದರೆ, ಪ್ಲಾಸ್ಟರಿನ ಮೆತ್ತೆಯ ಭಾಗ ಮಾತ್ರ ಅದಕ್ಕೆ ತಾಗುವಂತೆ, ಅಂಟು ಸುತ್ತಲಿನ ಒಳ್ಳೆಯ ಚರ್ಮದ ಮೇಲೆ ಕೂಡುವಂತೆ ಹಾಕಬಹುದು. ಮುಖ, ಕೈ, ಪಾದ, ಕೀಲುಗಳ ಮೇಲೆ ಸುಟ್ಟರೆ, ಇಲ್ಲವೆ ಸುಟ್ಟ ಜಾಗ ಅವರವರ ಅಂಗೈಗಿಂತ ದೊಡ್ಡದಾಗಿದ್ದರೆ ವೈದ್ಯರೇ ನೋಡಬೇಕು. ಬಿಸಿಲಿಗೆ ಕೆಂಪಾದ ಚರ್ಮಕ್ಕೂ ತಂಪು ಬೇಕೇ ಹೊರತು ಅಂಟಲ್ಲ; ಬೆಂದ ಚರ್ಮ ಪಟ್ಟಿಯೊಡನೆಯೇ ಕಿತ್ತು ಬರುವುದುಂಟು.

ಚಪ್ಪಲಿ ಕಚ್ಚುವ ಕಡೆ ಮಾತ್ರ ಪಟ್ಟಿ ನಿಜವಾದ ಮಿತ್ರ. ಬೆವರಿನಿಂದ ಮೆತ್ತಗಾದ ಚರ್ಮ ಉಜ್ಜಿದಾಗ ಬೇಗ ಬೊಬ್ಬೆಯೇಳುತ್ತದೆ. ಹೊಸ ಪಾದರಕ್ಷೆ ತಾಗುವ ಕಡೆ ಕಾಗದದಂಥ ತೆಳುವಾದ ವೈದ್ಯಕೀಯ ಪಟ್ಟಿಯನ್ನು ಮೊದಲೇ ಅಂಟಿಸಿಕೊಳ್ಳುವುದು ಒಳ್ಳೆಯದು. ಹಲವು ದಿನಗಳ ದೀರ್ಘ ಓಟದಲ್ಲಿ ಪಾಲ್ಗೊಂಡ 128 ಮಂದಿಯನ್ನು ಕುರಿತ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಅಂಥ ಪಟ್ಟಿ ಹಚ್ಚಿದ ಕಡೆ ಬೊಬ್ಬೆಗಳು ಸುಮಾರು ಶೇಕಡಾ 40ರಷ್ಟು ಕಡಮೆಯಾದುದು ಅದರಲ್ಲಿ ಕಂಡುಬಂದಿತು.

ಇನ್ನು ಮಧುಮೇಹವುಳ್ಳವರು ದಿನವೂ ಅಂಗಾಲನ್ನು ಕನ್ನಡಿಯಲ್ಲಾಗಲಿ ಮನೆಯವರ ಕಣ್ಣಿನಿಂದಾಗಲಿ ನೋಡಿಕೊಳ್ಳಬೇಕು. ಪಾದದಲ್ಲಿ ಎಷ್ಟೇ ಸಣ್ಣ ಬೊಬ್ಬೆ ಕಂಡರೂ ವೈದ್ಯರಿಗೆ ತೋರಿಸಬೇಕು. ಆಣಿಗೆ ಹಚ್ಚುವ ಔಷಧದ ಪಟ್ಟಿಗಳಲ್ಲಿ ಚರ್ಮವನ್ನು ಕರಗಿಸುವ ಸ್ಯಾಲಿಸಿಲಿಕ್ ಆಮ್ಲವಿರುತ್ತದೆ. ಅವನ್ನು ಇವರು ತಾವಾಗಿಯೇ ಬಳಸಬಾರದು. ವೃದ್ಧರ ಚರ್ಮ ಕಾಗದದಂತೆ ತೆಳುವಾಗಿರುವುದರಿಂದ ಪಟ್ಟಿಯನ್ನು ಸರ್ರನೆ ಎಳೆಯದೆ, ನೀರು ಇಲ್ಲವೆ ಎಣ್ಣೆಯಿಂದ ನೆನೆಸಿ, ಚರ್ಮವನ್ನು ಒತ್ತಿ ಹಿಡಿದು ಬಿಡಿಸಬೇಕು. ಯಾರಿಗೇ ಆಗಲಿ, ಬೇಸಿಗೆಯಲ್ಲಿ ಹಾಕಿದ ಪಟ್ಟಿಯನ್ನು ದಿನಕ್ಕೊಮ್ಮೆಯಾದರೂ, ಬೆವರಿನಿಂದ ಒದ್ದೆಯಾದಾಗಲಂತೂ ಕೂಡಲೇ, ತೆಗೆದು ನೋಡಿ ಬದಲಿಸಲೇಬೇಕು.

ಮುಚ್ಚುವುದು ಮತ್ತು ನೋಡುವುದು

ನಮ್ಮ ಭಾಷೆಯಲ್ಲಿ ‘ತೇಪೆ ಹಾಕುವುದು’ ಎಂಬ ಮಾತಿದೆ. ಹರಿದ ಬಟ್ಟೆಗೆ ತೇಪೆ ಹಾಕುವುದು ಗೃಹಿಣಿಯ ಜಾಣ್ಮೆ. ಆದರೆ ಕೆಟ್ಟ ಕೆಲಸವನ್ನು ಸರಿಪಡಿಸದೆ ಮೇಲೆ ಮೇಲೆ ಮರೆಸುವುದಕ್ಕೂ ನಾವು ಅದೇ ಮಾತನ್ನು ಬಳಸುತ್ತೇವೆ. ಪ್ಲಾಸ್ಟರಿಗೂ ಈ ಎರಡು ಅರ್ಥಗಳೂ ಸಲ್ಲುತ್ತವೆ. ಯಾವ ಅರ್ಥ ಎಲ್ಲಿ ಎಂಬುದನ್ನು ತಿಳಿಯಬೇಕಾದವರು ಅಂಟಿಸುವ ನಾವು.

ನಮ್ಮ ತಂದೆಯವರು ಈಗಲೂ ಪ್ರತಿ ವರ್ಷ ಕಲಬುರಗಿಗೆ ಬರುತ್ತಾರೆ. ದೇವಸ್ಥಾನಕ್ಕೂ ಹೋಗುತ್ತಾರೆ, ಆದರೆ ಕಲ್ಲು ತಣ್ಣಗಿರುವ ಮುಂಜಾನೆ ಆರು ಗಂಟೆಗೆ. ಹಿಂದಿರುಗಿ ಬಂದು ಜಗಲಿಯ ಮೇಲೆ ಕುಳಿತು ಎರಡೂ ಕಾಲನ್ನು ಚಾಚುತ್ತಾರೆ. ಆಗ ನನ್ನ ಮಗಳು ಎದುರಿಗೆ ಕುಕ್ಕರಗಾಲಿನಲ್ಲಿ ಕುಳಿತು, ಒಂದೊಂದು ಬೆರಳನ್ನೂ ಬಿಡಿಸಿ ನೋಡಿ, ದೊಡ್ಡ ವೈದ್ಯಳಂತೆ ತೀರ್ಪು ಕೊಡುತ್ತಾಳೆ:

“ತಾತ, ಇವತ್ತು ಏನೂ ಇಲ್ಲ.”

ತಾತ, ‘ಎಲ್ಲ ಅವನ ದಯೆ’ ಎನ್ನುತ್ತಾರೆ. ಆಗ ಅವರು ನೋಡುವುದು ಮೊಮ್ಮಗಳ ಕಡೆಗೆ.